ಮೂರನೆಯ ಮಹಡಿಯ ಬಿಳುಪು

ಮೊದಲನೆಯ ಡ್ರಮ್ಮು ಮನೆಗೆ ಬಂದಾಗ ಅದು ಕುಡಿಯುವ ನೀರಿಗೆ ತಂದದ್ದೆಂದು ಅತ್ತೆ ಹಿಗ್ಗಿದರು. ವಾರಕ್ಕೆ ಮೂರು ದಿನ ನಲ್ಲಿ ಕೈಕೊಡುವ ಬೀದಿ ಅದು. ಗಟ್ಟಿ ಮುಚ್ಚಳದ ಒಂದು ನೀಲಿ ಡ್ರಮ್ಮಿಗಾಗಿ ಮುದುಕಿ ಮಗನ ತಲೆ ತಿನ್ನುತ್ತಿದ್ದುದು ಇಂದು ನಿನ್ನೆಯದಲ್ಲ. ಆದರೆ ಮರುದಿನ ಸಂಜೆ ಮೊಮ್ಮಗಳು ಎರಡು ಚೀಲ ಕಿತ್ತಳೆ, ಮೂಸಂಬಿ ಸಿಪ್ಪೆ ಹೊತ್ತು ತಂದು ಅದರೊಳಗೆ ಸುರಿದು, ಮೇಲೆ ಬೆಲ್ಲ ಕುಟ್ಟಿ ಹಾಕಿ, ನೀರು ಹೊಯ್ದು ಮುಚ್ಚಿದಾಗ, ಅವರು ಮೂಗಿಗೆ ಬಟ್ಟೆ ಹಿಡಿದು ದೂರ ಸರಿದರು.

"ಇದು ಎಷ್ಟು ದಿನ ಇರತ್ತೆ?"

"ಮೂರು ತಿಂಗಳು, ಅಜ್ಜಿ."

"ಅಷ್ಟು ದಿನ ನಾನಿರ್ತೀನೋ ಇಲ್ವೋ," ಅಂದರು ಅತ್ತೆ. ಅವರ ಮಂಚಕ್ಕೂ ಡ್ರಮ್ಮಿಗೂ ನಡುವೆ ಒಂದು ಮೊಳ ಜಾಗವಿತ್ತು, ಅಷ್ಟೆ.

ಇದೆಲ್ಲ ಶುರುವಾದದ್ದೇ ಸೊಸೆಯ ಕೈಗಳಿಂದ. ಎಂಟು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಶೌಚಾಲಯ ತೊಳೆಯುವ ಕೆಲಸ ಅವಳದು. ಹದಿನಾಲ್ಕು ವರ್ಷದಿಂದ ಆಸಿಡ್ಡು, ಬ್ಲೀಚಿಂಗ್ ಪುಡಿ, ಫಿನಾಯಿಲು. ಮೂರು ತಿಂಗಳಿಗೊಮ್ಮೆ ಒಂದು ಜೊತೆ ಕೈಗವಸು ಕೊಡುತ್ತಿದ್ದರು, ಅದು ಎಂಟು ದಿನಕ್ಕೆ ಹರಿಯುತ್ತಿತ್ತು. ಬೆರಳ ಸಂದಿಯ ಚರ್ಮ ಬಿರಿದು ಕೆಂಪಾಗಿ, ಉಪ್ಪು ತಾಗಿದರೆ ಜೀವ ಹೋದಷ್ಟು ಉರಿ. ಒಂದು ದಿನ ಊಟಕ್ಕೆ ಕೂತವಳು ಅನ್ನ ಕಲೆಸಲಾರದೆ ಚಮಚ ತೆಗೆದುಕೊಂಡಳು. ಮಗಳು ಅದನ್ನು ನೋಡಿದಳು. ತಟ್ಟೆಯಿಂದ ಕೈ ಎತ್ತಿ, ತಾಯಿಯ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

ಮಗಳು ಮಾರುಕಟ್ಟೆಯ ಜ್ಯೂಸ್ ಅಂಗಡಿಯಲ್ಲಿದ್ದಳು. ಎರಡು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಮೂರನೆಯ ವರ್ಷಕ್ಕೆ ಹೋಗಲಾಗದೆ ಬಿಟ್ಟವಳು. ಹಣ್ಣು ಹಿಂಡುವ ಯಂತ್ರದ ಮುಂದೆ ನಿಂತರೂ ತಲೆಯಲ್ಲಿ ಅದೇ ಓಡುತ್ತಿತ್ತು. ಅಂಗಡಿಯ ಹಿಂದೆ ದಿನಾ ರಾಶಿ ಬೀಳುವ ಸಿಪ್ಪೆಯನ್ನು ಬೆಲ್ಲ ಹಾಕಿ ಕೊಳೆಸಿದರೆ ಹುಳಿನೀರಾಗುತ್ತದೆ, ಅದರಿಂದ ನೆಲ ತೊಳೆಯಬಹುದು, ಜಿಡ್ಡು ತೆಗೆಯಬಹುದು, ಕೈಗೆ ಏನೂ ಆಗುವುದಿಲ್ಲ ಎಂದು ಎಲ್ಲೋ ಓದಿಕೊಂಡು ಬಂದಿದ್ದಳು.

ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವನು. ದಿನವಿಡೀ ಬೈಂಡಿಂಗ್ ಅಂಗಡಿಯಲ್ಲಿ ಅಂಟಿನ ವಾಸನೆ ಕುಡಿದು ಬರುವ ತನಗೆ ಮನೆಯಲ್ಲಾದರೂ ಒಳ್ಳೆ ಗಾಳಿ ಬೇಡವೇ ಎಂದು ಅವನ ತಕರಾರು.

"ಮನೆ ಅನ್ನೋದು ಮನುಷ್ಯರಿಗೆ ಪುಟ್ಟೀ. ಸಿಪ್ಪೆಗೆ ಬೇರೆ ಜಾಗ ಇದೆ. ತಿಪ್ಪೆ ಅಂತಾರೆ."

"ತಿಪ್ಪೆಗೆ ಹೋಗೋದನ್ನೇ ಅಲ್ವಾ ಅಪ್ಪಾ ನಾನು ತಂದಿರೋದು."

ಮರುವಾರ ಇನ್ನೊಂದು ಡ್ರಮ್ಮು ಬಂತು. ಎರಡೂ ಸೇರಿ ತಿಂಗಳ ಬೆಲ್ಲವನ್ನೆಲ್ಲ ನುಂಗಿದವು, ಚಹಾ ಸಪ್ಪೆಯಾಯಿತು. ಸಿಪ್ಪೆಗೆ ಸಿಹಿ, ಅಪ್ಪನಿಗೆ ಸಪ್ಪೆ ಎಂದು ಗಂಡ ಲೋಟ ಕುಕ್ಕಿದ. ಆದರೂ ಕುಡಿದ.

ಡ್ರಮ್ಮಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಬೇಕು ಎಂದು ಮಗಳು ಹೇಳಿದ್ದಳು. ಒಂದು ದಿನ ಮರೆತದ್ದಕ್ಕೆ ಮುಚ್ಚಳ ಹಾರಿ ಸೂರಿಗೆ ಬಡಿದು, ಗೋಡೆ ತುಂಬ ಸಿಪ್ಪೆ ಅಂಟಿತು. ಅತ್ತೆಯ ಹಾಸಿಗೆಯೂ ತೊಯ್ದಿತು. ಅಂದು ಮನೆಯಲ್ಲಿ ದೊಡ್ಡ ಜಗಳ. ವಿಚಿತ್ರವೆಂದರೆ ಜಗಳ ಮುಗಿದ ಮೇಲೆ ಮುಚ್ಚಳ ತೆಗೆಯುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ನಿಮ್ಮನ್ನೆಲ್ಲ ನಂಬಿದರೆ ನಾನು ನಿದ್ದೆಯಲ್ಲೇ ಹೋಗಿಬಿಡ್ತೀನಿ ಅಂದರು. ಬೆಳಿಗ್ಗೆ ಮುಖ ತೊಳೆದವರೇ ಒಂದೊಂದು ಡ್ರಮ್ಮಿನ ಮುಚ್ಚಳವನ್ನೂ ತಿರುಗಿಸಿ, ಅದು ಬುಸ್ಸೆಂದಾಗ ಅದರ ಹೊಟ್ಟೆ ತಟ್ಟಿ, "ತೇಗು ಬಂತಾ ಮರೀ," ಅನ್ನುವರು. ನೋಡಿದ ಮಗಳು ನಗುವಳು. ಆ ಮೂರು ತಿಂಗಳಲ್ಲಿ ಆ ಮನೆಯಲ್ಲಿ ಕೇಳಿಸಿದಷ್ಟು ನಗು ಅದರ ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

ಮೂರು ತಿಂಗಳಿಗೆ ನೀರು ಸೋಸಿದರು. ತೆಳು ಚಹಾದ ಬಣ್ಣ, ಹುಳಿಯ ಜೊತೆಗೆ ಕಿತ್ತಳೆಯ ಘಮ. ಒಲೆಕಟ್ಟೆಯ ವರ್ಷಗಳ ಜಿಡ್ಡು ಒರೆಸಿದರೆ ಬಂತು. ಕಿಟಕಿಯ ಗಾಜು ಹೊಳೆಯಿತು. ತಾಯಿ ಬರಿಗೈ ಅದ್ದಿ ನೆಲ ಸಾರಿಸಿದಳು, ಉರಿಯಲಿಲ್ಲ. ಕೈ ಮೂಗಿನ ಹತ್ತಿರ ತಂದು ಮೂಸಿ ನೋಡಿ, ಮಗಳಿಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ಕೆಲಸದ ಕಟ್ಟಡಕ್ಕೆ ಮಗಳೇ ಬಂದು ಮ್ಯಾನೇಜರನ್ನು ಕಂಡಳು. ಅವನಿಗೂ ಅದು ಬೇಕಾಗಿತ್ತು. ಪರಿಸರಕ್ಕೆ ಹಾನಿ ಮಾಡದ ಕಟ್ಟಡ ಎಂದು ಯಾರೋ ಕೊಡುವ ಫಲಕವೊಂದನ್ನು ಬಾಗಿಲಲ್ಲಿ ತೂಗುಹಾಕುವ ಆಸೆ ಮೇಲಿನವರಿಗಿತ್ತಂತೆ. ಮೂರನೆಯ ಮಹಡಿಯಲ್ಲಿ ಎರಡು ತಿಂಗಳು ನೋಡೋಣ, ಅಲ್ಲಿ ಆಸಿಡ್ಡು, ಬ್ಲೀಚಿಂಗ್, ಫಿನಾಯಿಲು ಎಲ್ಲ ಬಂದ್, ಸರಿಹೋದರೆ ಎಂಟೂ ಮಹಡಿಗೆ ನಿಮ್ಮ ನೀರೇ ಅಂದ. ಮೂರನೆಯ ಮಹಡಿ ತಾಯಿಯ ಪಾಲಿನದು. ಮಗಳು ಮೆಟ್ಟಿಲಲ್ಲೇ ತಾಯಿಯನ್ನು ಅಪ್ಪಿಕೊಂಡಳು. ಪಕ್ಕದಲ್ಲಿದ್ದ ಸೂಪರ್‌ವೈಸರ್ ಮಾತ್ರ ಮುಖ ಕಿವುಚಿ, ಹುಳಿನೀರಲ್ಲಿ ಕಕ್ಕಸು ತೊಳೆದದ್ದನ್ನು ನನ್ನ ಜನ್ಮದಲ್ಲಿ ನೋಡಿಲ್ಲ ಅಂದ.

ನೆಲ, ಗಾಜು, ಕೈತೊಳೆಯುವ ಬೇಸಿನ್ನು ಚೆನ್ನಾಗಿಯೇ ಬಂದವು. ತೊಂದರೆಯಾದದ್ದು ಕಮೋಡುಗಳಲ್ಲಿ. ಆ ಕಟ್ಟಡದ ನೀರು ಗಡುಸು. ನೀರಿಳಿಯುವ ಜಾಗದಲ್ಲೆಲ್ಲ ಹಳದಿ ಗೆರೆ ಕೂರುತ್ತಿತ್ತು, ಟೈಲ್ಸಿನ ಸಂದಿಗಳಲ್ಲಿ ಕಪ್ಪು. ಆಸಿಡ್ಡಿಗೆ ಅದು ನಿಮಿಷದ ಕೆಲಸ. ಸಿಪ್ಪೆನೀರು ಸುರಿದು, ಅರ್ಧ ಗಂಟೆ ಬಿಟ್ಟು, ರಟ್ಟೆ ಬೀಳುವಷ್ಟು ಉಜ್ಜಿದರೆ ಹಳದಿ ಒಂದಿಷ್ಟು ತೆಳುವಾಗುತ್ತಿತ್ತು, ಹೋಗುತ್ತಿರಲಿಲ್ಲ. ಹನ್ನೆರಡು ಕಮೋಡು, ಒಬ್ಬಳು ಹೆಂಗಸು, ಒಂಬತ್ತು ಗಂಟೆಗೆ ಕಚೇರಿಯ ಜನ ಬಂದುಬಿಡುತ್ತಿದ್ದರು. ವಾರದ ಕೊನೆಗೆ ಸೂಪರ್‌ವೈಸರ್ ಒಂದೊಂದು ಬಾಗಿಲನ್ನೂ ತೆರೆದು ನೋಡಿ, ಹಳದಿ ಹಳದಿಯಾಗಿಯೇ ಇದೆ, ಇನ್ನೊಂದು ವಾರ ನೋಡಿ ಮೇಲಕ್ಕೆ ಹೇಳ್ತೀನಿ ಅಂದು ಹೋದ.

ಅಂದು ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಕಾದಿದ್ದಳು. "ಹೇಗಾಯ್ತಮ್ಮಾ?"

"ಚೆನ್ನಾಗಿದೆ," ಅಂದಳು ಅವಳು. ಚಪ್ಪಲಿ ಬಿಚ್ಚುತ್ತಿದ್ದುದರಿಂದ ಮುಖ ತೋರಿಸಬೇಕಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆರಕ್ಕೇ ಹೋದಳು. ಆಸಿಡ್ ಬಾಟಲಿಗಳನ್ನು ಸೂಪರ್‌ವೈಸರ್ ಎಣಿಸಿ ಕೊಡುತ್ತಿದ್ದ, ಅವು ಸಿಗುವಂತಿರಲಿಲ್ಲ. ಬ್ಲೀಚಿಂಗ್ ಪುಡಿಯ ಚೀಲ ಮಾತ್ರ ನೆಲಮಹಡಿಯ ಕೋಣೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ಒಂದು ಡಬ್ಬಿ ತುಂಬಿಕೊಂಡು ಮೇಲೆ ಬಂದು, ಬಕೆಟ್ಟಿಗೆ ಹಾಕಿ, ಬಲ ಬರಲೆಂದು ಅದರ ಮೇಲೆ ಸಿಪ್ಪೆನೀರನ್ನೂ ಹೊಯ್ದಳು. ಎರಡೇ ಉಸಿರಿಗೆ ಗಂಟಲಲ್ಲಿ ಚೂರಿ ಆಡಿಸಿದಂತಾಯಿತು. ಕಣ್ಣು ಕಾಣಲಿಲ್ಲ. ತಡಕಾಡಿಕೊಂಡು ಕಾರಿಡಾರಿಗೆ ಓಡಿಬಂದು, ಕಿಟಕಿಗೆ ತಲೆ ಹಾಕಿ ಬಹಳ ಹೊತ್ತು ಕೆಮ್ಮಿದಳು. ಇವೆರಡೂ ಸೇರಬಾರದು ಎನ್ನುವುದನ್ನು ಅವಳು ಕಲಿತದ್ದು ಹಾಗೆ.

ಅಲ್ಲಿಂದ ಮುಂದೆ ಕ್ರಮ ತಪ್ಪಲಿಲ್ಲ. ಮೊದಲು ಬ್ಲೀಚಿಂಗ್ ಪುಡಿಯನ್ನು ಕಲೆಸಿ ಬಳಿಯುವುದು, ಕಾಯುವುದು, ಉಜ್ಜುವುದು. ಆಮೇಲೆ ಮೂರು ಮೂರು ಬಕೆಟ್ ನೀರು ಹಾಕಿ ತೊಳೆಯುವುದು. ಕೊನೆಗೆ, ಘಮಕ್ಕೆಂದು, ಒಂದಿಷ್ಟು ಸಿಪ್ಪೆನೀರು. ವಾರವಿಡೀ ಎಡಬಿಡದೆ ಬಳಿದದ್ದಕ್ಕೆ ಸಂದಿಯ ಕಪ್ಪು ಪೂರ್ತಿ ಹೋಯಿತು, ಹಳದಿಯೂ ಕಣ್ಣಿಗೆ ಹೊಡೆಯದಷ್ಟು ತೆಳುವಾಯಿತು. ಮೂರನೆಯ ಮಹಡಿ ಬಿಳಿಯಾಯಿತು. ಸೂಪರ್‌ವೈಸರ್ ನೋಡಿ ಗಲ್ಲ ಕೆರೆದುಕೊಂಡ. ಮ್ಯಾನೇಜರ್ ತಾನೇ ಬಂದು ಫೋಟೊ ತೆಗೆದುಕೊಂಡು ಹೋದ. ಅವಳ ಕೈ ಮೊದಲಿಗಿಂತ ಹೆಚ್ಚು ಬಿರಿಯಿತು. ವಾಸಿಯಾಗುವಾಗ ಹೀಗೆ ಸಿಪ್ಪೆ ಏಳುವುದು ಸಹಜ ಎಂದು ಮಗಳಿಗೆ ಹೇಳಿದಳು. ಮಗಳು ನಂಬಿದಳು.

ಮನೆಯ ಗಾಳಿಯೇ ಬದಲಾಯಿತು. ಗಂಡ ಹಿತ್ತಲ ಚಪ್ಪರದಲ್ಲಿ ತನ್ನದೇ ಒಂದು ಸಣ್ಣ ಒತ್ತುಯಂತ್ರ ಇಟ್ಟುಕೊಂಡಿದ್ದ. ರಜೆಯ ದಿನ ಹಳೆ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿ ನಾಲ್ಕು ಕಾಸು ಕಾಣುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಅವನು ಸಿಳ್ಳೆ ಹಾಕುತ್ತಿದ್ದದ್ದು ಆ ಯಂತ್ರದ ಮುಂದೆ ಮಾತ್ರ. ಎಂಟು ಮಹಡಿಗೆ ನೀರು ಬೇಕೆಂದರೆ ಕಡಿಮೆಯೆಂದರೂ ಹತ್ತು ಡ್ರಮ್ಮು, ಅದಕ್ಕೆ ಜಾಗ ಬೇಕು ಎಂದು ಮಗಳು ಲೆಕ್ಕ ಹಾಕಿದಳು. ಭಾನುವಾರ ಅವನು ಇಬ್ಬರನ್ನು ಕರೆತಂದು ಯಂತ್ರ ಮಾರಿ ಹೊರಿಸಿ ಕಳಿಸಿದ. ಬಂದ ಹಣದಲ್ಲಿ ಡ್ರಮ್ಮು, ಬೆಲ್ಲ ಬಂತು. ಜ್ಯೂಸ್ ಅಂಗಡಿಯ ಕೆಲಸದ ಜೊತೆ ಇದನ್ನು ಮಾಡಲಾಗುವುದಿಲ್ಲವೆಂದು ಮಗಳು ಆ ಕೆಲಸ ಬಿಟ್ಟಳು.

ತಾಯಿ ನಿಜ ಹೇಳಬೇಕೆಂದುಕೊಳ್ಳದೆ ಇರಲಿಲ್ಲ. ಒಂದು ಸಂಜೆ ತಾಯಿ ಮಗಳು ಪಾತ್ರೆ ತೊಳೆಯುತ್ತ ಕೂತಿದ್ದಾಗ ಹೇಗೋ ಬಾಯಿ ತೆರೆದಳು.

"ಹಳದಿ ಪೂರ್ತಿ ಹೋಗಲ್ಲ ಅನ್ಸತ್ತೆ ಪುಟ್ಟೀ."

ಮಗಳ ಕೈ ನಿಂತಿತು. "ಎಷ್ಟು ಹೋಗಲ್ಲ?"

"ಒಂದೋ ಎರಡೋ ಕಡೆ."

"ಮೊದ್ಲೇ ಹೇಳೋದಲ್ವಾ. ಹುಳಿ ಸಾಲ್ತಿಲ್ಲ ಹಾಗಿದ್ರೆ. ಆರು ತಿಂಗಳು ಕೊಳೆಸಿದ್ರೆ ಬಲ ಬರತ್ತೆ. ಆರು ತಿಂಗಳು ಕಾಯಿರಿ ಅಂತ ಮ್ಯಾನೇಜರಿಗೆ ಹೇಳ್ತೀನಿ, ಏನಾಗತ್ತೆ?"

ಒಳಗೆ ಕೂತಿದ್ದ ಗಂಡ ಅಲ್ಲಿಂದಲೇ, "ಆರು ತಿಂಗಳು ಕಾಯೋಕೆ ಅವರೇನು ನಿನ್ನ ಸೋದರಮಾವಂದಿರಾ?" ಅಂದ. ತಮಾಷೆಗೇ ಅಂದದ್ದು. ಆದರೆ ಅವನ ಹಿಂದೆ ಹಿತ್ತಲ ಬಾಗಿಲು ತೆರೆದಿತ್ತು, ಯಂತ್ರವಿದ್ದ ಜಾಗದಲ್ಲಿ ಹತ್ತು ಡ್ರಮ್ಮುಗಳು ಸಾಲಾಗಿ ನಿಂತದ್ದು ಕಾಣುತ್ತಿತ್ತು.

"ಬೇಡ ಬಿಡು," ಅಂದಳು ಅವಳು. "ಇನ್ನೆರಡು ಸಲ ಉಜ್ಜಿದ್ರೆ ಹೋಗತ್ತೆ."

ಮ್ಯಾನೇಜರ್ ಕೊಟ್ಟ ಎರಡು ತಿಂಗಳು ಮುಗಿಯಲು ಹನ್ನೆರಡು ದಿನ ಇರುವಾಗ ಅತ್ತೆಯ ಕಣ್ಣಿನ ಪೊರೆ ತೆಗೆಸುವ ಸರದಿ ಬಂತು. ಧರ್ಮದ ಆಸ್ಪತ್ರೆ, ತಪ್ಪಿಸಿಕೊಂಡರೆ ಮತ್ತೆ ಒಂದು ವರ್ಷ. ಅತ್ತೆ ಸೊಸೆಯ ಹೊರತು ಇನ್ನಾರ ಜೊತೆಗೂ ಹೋಗುವುದಿಲ್ಲವೆಂದು ಹಠ ಹಿಡಿದರು. ಅವಳು ಎರಡು ದಿನ ರಜೆ ಕೇಳಿದಳು. ಮೂರನೆಯ ಮಹಡಿಯನ್ನು ಯಾರು ನೋಡಿಕೊಳ್ಳುತ್ತಾರೆಂದರೆ ನಾಲ್ಕನೆಯ ಮಹಡಿಯವಳು ಒಪ್ಪಿಕೊಂಡಳು.

ಆ ಹೆಂಗಸನ್ನು ಎಲ್ಲರೂ ಗಡಿಬಿಡಿಯಕ್ಕ ಅನ್ನುತ್ತಿದ್ದರು. ಉಣ್ಣುವುದೂ ನಿಂತೇ, ಮಾತಾಡುವುದೂ ನಡೆಯುತ್ತಲೇ. ಗಂಡ ಇಲ್ಲ, ನರ್ಸ್ ಓದು ಓದುತ್ತಿದ್ದ ಮಗಳೊಬ್ಬಳು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಬ್ಬರ ಬುತ್ತಿ ಇನ್ನೊಬ್ಬರು ಉಂಡವರು. ಅವಳು ಗಡಿಬಿಡಿಯಕ್ಕನನ್ನು ಮೆಟ್ಟಿಲ ತಿರುವಿಗೆ ಕರೆದು, ಪುಡಿಯ ಡಬ್ಬಿ ಎಲ್ಲಿದೆ, ಸಿಪ್ಪೆನೀರಿನ ಕ್ಯಾನ್ ಎಲ್ಲಿದೆ ಎಂದು ತೋರಿಸಿದಳು.

"ಮೊದಲು ಈ ಪುಡಿ ಬಳಿ. ಆಮೇಲೆ ಚೆನ್ನಾಗಿ ನೀರು ಹಾಕಿ ತೊಳಿ. ಕೊನೇಲಿ ಕ್ಯಾನ್‌ದು ಸ್ವಲ್ಪ ಚಿಮುಕಿಸು. ಯಾರ ಹತ್ರಾನೂ ಹೇಳಬೇಡ ಅಕ್ಕಾ."

"ಅಯ್ಯೋ, ಇಷ್ಟೇನಾ ನಿನ್ನ ಮಗಳ ಔಷಧಿ," ಎಂದು ಗಡಿಬಿಡಿಯಕ್ಕ ನಕ್ಕಳು. ಅವಳ ಒಂದು ಕಾಲು ಆಗಲೇ ಮೇಲಿನ ಮೆಟ್ಟಿಲಲ್ಲಿತ್ತು. "ಎರಡು ಎರಡು ಸಲ ಯಾಕೆ ಮಾಡ್ತೀಯ?"

ಎರಡೂ ಸೇರಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದರೆ ಗಡಿಬಿಡಿಯಕ್ಕ ಹೆದರಿ ಕೆಲಸ ಬೇಡವೆಂದಾಳು, ಸಿಪ್ಪೆನೀರಿನಲ್ಲಿ ವಿಷ ಏಳುತ್ತದಂತೆ ಎಂದು ಸಂಜೆಯೊಳಗೆ ಎಂಟೂ ಮಹಡಿಗೆ ಸುದ್ದಿಯಾದೀತು. "ಹಾಗೆ ಮಾಡಿದ್ರೇನೇ ಬೆಳ್ಳಗಾಗೋದು," ಅಂದಳು. "ನಡುವೆ ನೀರು ಹಾಕೋದು ಮರೀಬೇಡ."

"ಆಯ್ತು ತಾಯಿ, ಆಯ್ತು." ಗಡಿಬಿಡಿಯಕ್ಕ ಹೋಗಿಯಾಗಿತ್ತು.

ಎರಡನೆಯ ದಿನ ಬೆಳಿಗ್ಗೆ, ಅತ್ತೆಯ ಕಣ್ಣಿನ ಪಟ್ಟಿ ಬದಲಾಯಿಸುವುದನ್ನು ಕಾಯುತ್ತ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಫೋನು ಬಂತು. ಎರಡು ಮಹಡಿಯ ಕೆಲಸ ಒಬ್ಬಳೇ ಮಾಡಬೇಕಾಗಿದ್ದ ಗಡಿಬಿಡಿಯಕ್ಕ ಹೊತ್ತು ಉಳಿಸಲೆಂದು ಡಬ್ಬಿಯ ಪುಡಿ ಪೂರ್ತಿ ಬಕೆಟ್ಟಿಗೆ ಸುರಿದು, ಮೇಲೆ ಅರ್ಧ ಕ್ಯಾನ್ ಹೊಯ್ದಿದ್ದಳು. ಕಿಟಕಿಯಿಲ್ಲದ ಒಳಗಿನ ಶೌಚಾಲಯ. ನೆಲ ಒದ್ದೆ, ಕಾಲು ಜಾರಿರಬೇಕು. ಬಿದ್ದವಳು ಬಾಗಿಲು ತೆರೆಯಲಾಗದೆ ಒಳಗೇ ಉಳಿದಳು. ಕೆಮ್ಮಿನ ಸದ್ದು ಕೇಳಿ ಯಾರೋ ಬಾಗಿಲು ಒಡೆದಾಗ ಕಾಲು ಗಂಟೆ ಕಳೆದಿತ್ತು.

ಜೀವ ಉಳಿಯಿತು. ಶ್ವಾಸಕೋಶ ಸುಟ್ಟಿದೆ ಅಂದರು ಡಾಕ್ಟರು. ಇನ್ನು ಮೇಲೆ ಅವಳು ಮೆಟ್ಟಿಲು ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ, ನಾಲ್ಕು ಮಾತಾಡಿದರೆ ಐದನೆಯದಕ್ಕೆ ನಿಂತು ಉಸಿರೆಳೆದುಕೊಳ್ಳಬೇಕು.

ಕಟ್ಟಡದವರು ಅಂದೇ ಸಿಪ್ಪೆನೀರಿನ ಕ್ಯಾನುಗಳನ್ನೆಲ್ಲ ಕಟ್ಟಿ ಹೊರಗಿಟ್ಟರು. ಮ್ಯಾನೇಜರ್ ಫೋನಿನಲ್ಲಿ ಮಗಳಿಗೆ, ಮನೆಯಲ್ಲಿ ಕೊಳೆಸಿದ ವಿಷವನ್ನು ನಮ್ಮ ಕಟ್ಟಡಕ್ಕೆ ತಂದು ಒಬ್ಬಳ ಬದುಕು ಹಾಳು ಮಾಡಿದೆ, ಪುಣ್ಯಕ್ಕೆ ಪೊಲೀಸರಿಗೆ ಹೇಳುತ್ತಿಲ್ಲ ಅಂದ. ಮಗಳು ಫೋನು ಕಿವಿಗಿಟ್ಟುಕೊಂಡೇ ಗೋಡೆಗೆ ಒರಗಿ ಕೆಳಗೆ ಕೂತಳು.

ಆಮೇಲಿನ ಐದು ದಿನ ಮಗಳು ಸರಿಯಾಗಿ ಊಟ ಮಾಡಲಿಲ್ಲ. ತಾನು ಬರೆದಿಟ್ಟ ಪುಸ್ತಕ ತೆರೆದು, ಯಾವ ಡ್ರಮ್ಮಿಗೆ ಏನು ಹಾಕಿದ್ದೆ, ಯಾವ ಸಿಪ್ಪೆಗೆ ಬೂಸು ಬಂದಿತ್ತು ಎಂದು ಮತ್ತೆ ಮತ್ತೆ ಓದುತ್ತಿದ್ದಳು. ಸೀಸೆಯಲ್ಲಿ ನೀರು ಹಿಡಿದು, ಮೂಗಿನ ಹತ್ತಿರ ತಂದು ಜೋರಾಗಿ ಎಳೆದುಕೊಳ್ಳುತ್ತಿದ್ದಳು, ತನಗೂ ಏನಾದರೂ ಆಗುತ್ತದೋ ನೋಡಲು. ಬರೀ ಕಿತ್ತಳೆಯ ಘಮ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅತ್ತೆಗೆ ವಿಷಯ ಪೂರ್ತಿ ತಿಳಿದಿರಲಿಲ್ಲ. ಡ್ರಮ್ಮಿನ ಮುಚ್ಚಳ ಯಾರೂ ತೆಗೆಯುತ್ತಿಲ್ಲ, ಯಾಕೆ ತೆಗೆಯುತ್ತಿಲ್ಲ ಎಂದು ಮಂಚದ ಮೇಲಿಂದ ಕೂಗುತ್ತಿದ್ದರು.

ಆರನೆಯ ದಿನ ಬೆಳಿಗ್ಗೆ ಗಂಡನ ತಾಳ್ಮೆಯ ಕಟ್ಟೆಯೊಡೆಯಿತು. ಮೂವರೂ ತಟ್ಟೆಯ ಮುಂದೆ ಕೂತಿದ್ದರು.

"ಇವತ್ತು ಉಣ್ಣದೆ ಏಳೋ ಹಾಗಿಲ್ಲ. ಆಗಿದ್ದು ಆಗಿಹೋಯ್ತು. ನೀನೇನು ಬೇಕು ಅಂತ ಮಾಡಿದ್ಯಾ?"

"ಬೇಕು ಅಂತ ಮಾಡದೇ ಇದ್ರೆ ಅವರ ಎದೆ ಸರಿ ಹೋಗತ್ತಾ?" ಅಂದಳು ಮಗಳು. "ಅವರ ಮಗಳು ಓದು ಬಿಟ್ಟು ಮನೇಲಿ ಕೂತಿದ್ದಾಳಂತೆ. ನನ್ನ ವಯಸ್ಸು ಅಪ್ಪಾ ಅವಳದು. ನಾನು ಮಾಡಿದ್ದು ಇದು. ನನ್ನ ಕೈಯಾರೆ ಮಾಡಿದ್ದು."

"ನೀನು ಮಾಡಿದ್ದಲ್ಲ," ಅಂದಳು ತಾಯಿ.

ಸಮಾಧಾನದ ಮಾತೆಂದುಕೊಂಡು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಮತ್ತೆ ಅದನ್ನೇ ಅಂದಳು. ಆಮೇಲೆ ಒಂದೊಂದಾಗಿ ಹೇಳಿದಳು: ಹೋಗದ ಹಳದಿ, ಬೆಳಗಿನ ಆರು ಗಂಟೆ, ಡಬ್ಬಿ, ಕಣ್ಣು ಕಾಣದೆ ಕಿಟಕಿಗೆ ಓಡಿದ್ದು, ಮೆಟ್ಟಿಲ ತಿರುವಿನಲ್ಲಿ ಹೇಳಿದ್ದು, ಹೇಳದೆ ಬಿಟ್ಟದ್ದು. ಹೇಳುವಾಗ ತಟ್ಟೆಯ ಅಂಚಿನಲ್ಲಿ ಅಂಟಿದ್ದ ಒಂದು ಅಗುಳನ್ನು ಬೆರಳಿಂದ ಅತ್ತ ಇತ್ತ ಸರಿಸುತ್ತಿದ್ದಳು.

ಗಂಡ ಎದ್ದು ಕೈತೊಳೆಯಲು ಹೋದ. ಬಹಳ ಹೊತ್ತು ನೀರು ಬೀಳುವ ಸದ್ದು ಬಂತು.

"ಹಾಗಾದ್ರೆ ಒಂದು ದಿನಾನೂ ಅದು ಕೆಲಸ ಮಾಡ್ಲಿಲ್ವಾ?" ಎಂದು ಮಗಳು ಕೇಳಿದಳು.

"ನೆಲ, ಗಾಜು ಎಲ್ಲ ಚೆನ್ನಾಗೇ…"

"ನಾನು ಕೇಳಿದ್ದು ಅದಲ್ಲ."

"ಇಲ್ಲ."

"ಮೊದಲ ವಾರಾನೇ ಬಾಗಿಲಲ್ಲಿ ಕೇಳ್ದೆ ನಿನ್ನ. ಆಗ ಇಲ್ಲ ಅಂದಿದ್ರೆ ಏನಾಗ್ತಿತ್ತು? ಸರಿಮಾಡ್ತಿದ್ದೆ. ಆಗದಿದ್ರೆ ಬರೀ ನೆಲಕ್ಕೆ ಕೊಡ್ತಿದ್ದೆ. ಅದೂ ಆಗದಿದ್ರೆ ಜ್ಯೂಸ್ ಹಿಂಡ್ತಾ ಇರ್ತಿದ್ದೆ. ಅಪ್ಪನ ಯಂತ್ರ ಇರ್ತಿತ್ತು. ಆಂಟಿ ಮೆಟ್ಟಿಲು ಹತ್ತುತಾ ಇರ್ತಿದ್ರು."

"ನಿನ್ನ ಮುಖ ನೋಡಿ ಹೇಳಕ್ಕಾಗ್ಲಿಲ್ಲ ಪುಟ್ಟೀ."

"ನನ್ನ ಮುಖದ ಮೇಲೆ ಹಾಕಬೇಡ," ಅಂದಳು ಮಗಳು. ದನಿ ಏರಿಸಲಿಲ್ಲ. ತಟ್ಟೆ ಎಳೆದುಕೊಂಡು, ಆರಿದ ಅನ್ನವನ್ನು ಪೂರ್ತಿ ಉಂಡು, ಎದ್ದು ಹೋದಳು. ಐದು ದಿನದ ಮೇಲೆ ಉಂಡ ಮೊದಲ ಊಟ ಅದು. ಅದನ್ನು ನೋಡುವುದು ಮಗಳು ಹಸಿದಿದ್ದುದನ್ನು ನೋಡುವುದಕ್ಕಿಂತ ತಾಯಿಗೆ ಕಷ್ಟವಾಯಿತು.

ಡ್ರಮ್ಮುಗಳನ್ನು ಅಪ್ಪ ಮಗಳು ಸೇರಿ ಬೀದಿಯ ಚರಂಡಿಗೆ ಬಗ್ಗಿಸಿದರು. ಹತ್ತು ಡ್ರಮ್ಮಿಗೆ ಒಂದು ಬೆಳಗು ಹಿಡಿಯಿತು. ಒಂದು ವಾರ ಆ ಚರಂಡಿಯಲ್ಲಿ ನೊಣವಿರಲಿಲ್ಲ, ನಾತವಿರಲಿಲ್ಲ. ಏನು ಹಾಕಿದಿರಿ, ಇನ್ನೂ ಇದ್ದರೆ ಕೊಡಿ ಎಂದು ಮೂರು ಮನೆಯವರು ಬಾಗಿಲಿಗೆ ಬಂದು ಕೇಳಿದರು. ಮುಗಿಯಿತು ಎಂದು ಗಂಡ ಬಾಗಿಲು ಮುಂದಕ್ಕೆ ಮಾಡಿದ.

ತಾಯಿ ಗಡಿಬಿಡಿಯಕ್ಕನ ಮನೆಗೆ ಹೋದಳು. ಹಾಸಿಗೆಯ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದ ಗಡಿಬಿಡಿಯಕ್ಕನಿಗೆ ಈಗ ಎಲ್ಲಿಗೂ ಗಡಿಬಿಡಿಯಿರಲಿಲ್ಲ. ಅವಳು ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಅಕ್ಕ ಕೇಳಿಸಿಕೊಂಡು, ಕಣ್ಣು ಮುಚ್ಚಿ, ಉಸಿರು ಕೂಡಿಸಿಕೊಂಡು ಮಾತಾಡಿದಳು.

"ನನಗೆ ಗೊತ್ತಾಯ್ತು… ಆಸ್ಪತ್ರೇಲೇ. ಪುಡಿ ನಾನೇ ತಂದಿದ್ದು, ನಾನೇ ಕಲೆಸಿದ್ದು ಅಂತ… ಬರೆದುಕೊಟ್ಟೆ. ನಿನ್ನ ಹೆಸರು ಹೇಳ್ಲಿಲ್ಲ."

"ಯಾಕಕ್ಕಾ?"

"ನಿನ್ನ ಕೆಲಸಾನೂ ಹೋದ್ರೆ… ನನ್ನ ಎದೆ ಬರತ್ತಾ?" ಉಸಿರೆಳೆದುಕೊಂಡು ಮತ್ತೆ ಅಂದಳು, "ಇನ್ನು ಬರಬೇಡ. ಬಂದ್ರೆ ನನಗೆ… ಸಿಟ್ಟು ಬರತ್ತೆ. ಸಿಟ್ಟು ಬಂದ್ರೆ… ಉಸಿರು ಸಾಲಲ್ಲ."

ತನ್ನದೇ ತಪ್ಪೆಂದು ಬರೆದುಕೊಟ್ಟದ್ದರಿಂದ ಅಕ್ಕನಿಗೆ ಪರಿಹಾರವೆಂದು ಏನೂ ಬರುವುದಿಲ್ಲ ಎನ್ನುವುದು ಅವಳಿಗೆ ತಿಳಿದದ್ದು ಬಾಗಿಲ ಹೊರಗೆ, ಅಕ್ಕನ ಮಗಳ ಬಾಯಿಂದ. ಅಲ್ಲಿಂದ ನೇರ ಕಟ್ಟಡಕ್ಕೆ ಹೋಗಿ ಸೂಪರ್‌ವೈಸರನ ಮುಂದೆ ನಿಂತು, ಪುಡಿ ತಂದಿಟ್ಟದ್ದು ತಾನು, ಹೇಳಿಕೊಟ್ಟದ್ದು ತಾನು, ಹಾಗಂತ ಬರೆದುಕೊಳ್ಳಿ ಅಂದಳು. ಅವನು ಎದ್ದು ಕೋಣೆಯ ಬಾಗಿಲು ಹಾಕಿದ.

"ನೋಡಿಮ್ಮಾ, ಕಾಗದ ಎಲ್ಲ ಮೇಲೆ ಹೋಗಿ ಮುಗಿದಿದೆ. ಈಗ ನೀವು ಹೀಗಂದ್ರೆ ಅವರಿಗೆ ಒಂದು ಕಾಸೂ ಸಿಗಲ್ಲ. ನೀವು ಮನೆಗೆ ಹೋಗ್ತೀರ, ನಿಮ್ಮ ಹಿಂದೆ ನಾನೂ ಹೋಗ್ತೀನಿ. ಯಾರಿಗೇನು ಬಂತು?"

ಅವಳು ಅಲುಗಾಡಲಿಲ್ಲ. ಅವನು ಮೇಜಿನ ಮೇಲಿನ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. ದನಿ ಮೆತ್ತಗಾಯಿತು. ನಾಲ್ಕನೆಯ ಮಹಡಿಗೆ ಜನವಿಲ್ಲ, ಹೊಸಬರನ್ನು ಹುಡುಕುತ್ತಿದ್ದೇನೆ ಅಂದ. ನಿಮ್ಮ ಮಗಳು ಮನೆಯಲ್ಲೇ ಇದ್ದಾಳಲ್ಲ ಅಂದ.

ಮನೆಯಲ್ಲಿ ಅದನ್ನು ಅವಳು ಹೇಳಬಾರದೆಂದೇ ಇದ್ದಳು. ಆದರೆ ಹೇಳದೆ ಬಿಟ್ಟು ಆದದ್ದು ಸಾಕಾಗಿತ್ತು. ಊಟದ ಹೊತ್ತಿಗೆ ಹೇಳಿಬಿಟ್ಟಳು. ಜ್ಯೂಸ್ ಅಂಗಡಿಯಲ್ಲಿ ಬೇರೆಯವರು ಸೇರಿಯಾಗಿತ್ತು. ಬೈಂಡಿಂಗ್ ಅಂಗಡಿಯವರು ಗಂಡನಿಗೆ ವಾರದಲ್ಲಿ ಮೂರು ದಿನ ಬಂದರೆ ಸಾಕು ಅಂದಿದ್ದರು. ಅತ್ತೆ, ಪಟ್ಟಿ ಬಿಚ್ಚಿದ ಕಣ್ಣಿಂದ ಎಲ್ಲರ ಮುಖವನ್ನೂ ಒಮ್ಮೆ ಸ್ಪಷ್ಟವಾಗಿ ನೋಡಿ, ಓದಿದ ಹುಡುಗಿ ಕಕ್ಕಸು ತೊಳೆಯೋದಾ ಅಂದರು.

"ಎಷ್ಟು ಗಂಟೆಗೆ ಹೋಗಬೇಕು?" ಎಂದಷ್ಟೇ ಮಗಳು ಕೇಳಿದಳು.

ಸೋಮವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಸೂಪರ್‌ವೈಸರ್ ಮಗಳಿಗೆ ಒಂದು ನೀಲಿ ಕೋಟು, ಒಂದು ಜೊತೆ ಕೈಗವಸು, ಎಣಿಸಿ ಎರಡು ಬಾಟಲಿ ಆಸಿಡ್ಡು ಕೊಟ್ಟ. ಕೋಟು ಗಡಿಬಿಡಿಯಕ್ಕನದು, ತೋಳು ಮಗಳಿಗೆ ಗಿಡ್ಡವಾಗಿತ್ತು. ನಾಲ್ಕನೆಯ ಮಹಡಿಯ ಮೊದಲ ಬಾಗಿಲು ತೆರೆದು, ಅವಳು ಮಗಳಿಗೆ ಬಾಟಲಿ ಹೇಗೆ ಹಿಡಿಯಬೇಕೆಂದು ತೋರಿಸಿದಳು. ಉಸಿರು ಮೊದಲೇ ಎಳೆದುಕೊ ಅಂದಳು. ಮುಖ ಆ ಕಡೆ ತಿರುಗಿಸು, ಅಂಚಿನಿಂದ ಸುರಿ, ಸುರಿದ ಕೂಡಲೇ ಹಿಂದೆ ಸರಿ.

ಮಗಳು ಹಾಗೇ ಮಾಡಿದಳು. ಹಳದಿ ಗೆರೆ ಸುಸ್ಸೆಂದು ಬುರುಗುಗಟ್ಟಿತು. ಸ್ವಲ್ಪ ತಡೆದು ಬಕೆಟ್ಟಿನ ನೀರು ಹೊಯ್ದಾಗ ಅಲ್ಲಿ ಗೆರೆಯಿರಲಿಲ್ಲ. ಉಜ್ಜುವ ಬ್ರಷ್ಷು ಗೋಡೆಗೆ ಒರಗಿಸಿದಂತೆಯೇ ಇತ್ತು.

"ಇಷ್ಟು ಬೇಗನಾ?" ಅಂದಳು ಮಗಳು.

"ಹೂಂ. ಇಷ್ಟೇ ಹೊತ್ತು."

ಮಗಳು ಬಗ್ಗಿ ಆ ಬಿಳುಪನ್ನು ನೋಡಿದಳು. ಆಮೇಲೆ ಎರಡು ಸಲ ಕೆಮ್ಮಿ, ಬಾಟಲಿ ಎತ್ತಿಕೊಂಡು, ಪಕ್ಕದ ಬಾಗಿಲು ತಳ್ಳಿದಳು.